ಬಲಗಡೆಯ ಚಿತ್ರ

ನನ್ನ ಕುತ್ತಿಗೆ ಬಲಕ್ಕೆ ತಿರುಗುವುದಿಲ್ಲ. ಎಡಕ್ಕೆ ಅಷ್ಟೋ ಇಷ್ಟೋ ಹೋಗುತ್ತದೆ, ಬಲಕ್ಕೆ ಮಾತ್ರ ಗೋಡೆಗೆ ತಗುಲಿದಂತೆ ನಿಂತುಬಿಡುತ್ತದೆ. ಮದುವೆಯಾಗಿ ಹನಗೋಡಿನ ಕಡೆಗೆ ಬಂದ ಹೊಸತರಲ್ಲಿ ತಂಬಾಕು ಬೇಯಿಸುವ ಬ್ಯಾರನ್ನಿನೊಳಗೆ ಏಣಿಯಿಂದ ಬಿದ್ದಿದ್ದೆ. ಮೂಳೆ ಕೂಡಿಕೊಂಡಿತು, ಆದರೆ ತನಗೆ ಬೇಕಾದ ಹಾಗೆ ಕೂಡಿಕೊಂಡಿತು. ಯಾರಾದರೂ ಬಲಗಡೆಯಿಂದ ಮಾತಾಡಿಸಿದರೆ ನಾನು ಇಡೀ ಮೈಯನ್ನೇ ತಿರುಗಿಸಿ ನೋಡಬೇಕು. ನೋಡಿದವರಿಗೆ ಜಗಳಕ್ಕೆ ನಿಂತ ಹಾಗೆ ಕಾಣುತ್ತದಂತೆ. ಅವರು ಅಂದುಕೊಳ್ಳುವುದು ಪೂರ್ತಿ ಸುಳ್ಳೂ ಅಲ್ಲ. ನಾನು ಮೊದಲಿನಿಂದಲೂ ಸಂಶಯದ ಹೆಂಗಸು. ನನ್ನ ತವರು ಕೆ.ಆರ್. ನಗರದ ಗದ್ದೆ ಸೀಮೆ. ಭತ್ತ ತೂಗುವ ದಿನ ನನ್ನಪ್ಪ ವ್ಯಾಪಾರಿಯ ತೂಕದ ಯಂತ್ರದ ಮೇಲೆ ಮೊದಲು ತಾವೇ ಹತ್ತಿ ನಿಂತು, ತಮ್ಮ ತೂಕ ಸರಿ ಬಂದರೆ ಮಾತ್ರ ಮೂಟೆ ಇಳಿಸಲು ಬಿಡುತ್ತಿದ್ದರು. ಅವರ ಮಗಳು ನಾನು.

ಇಂಥ ಕುತ್ತಿಗೆ ಇಟ್ಟುಕೊಂಡು ನಾನು ಕಾರು ಓಡಿಸುವುದು ಕಲಿತದ್ದು ಒಂದು ಸೆಕೆಂಡ್ ಹ್ಯಾಂಡ್ ಕಾರಿನ ದೆಸೆಯಿಂದ. ಪಿರಿಯಾಪಟ್ಟಣದ ಶುಂಠಿ ವ್ಯಾಪಾರಿಯೊಬ್ಬರು ಹೊಸ ಕಾರು ಕೊಂಡು ಹಳೆಯದನ್ನು ಮಾರಿದಾಗ ನಮ್ಮನೆಯವರು ಅದನ್ನು ತಂದರು. ಒಳಗೆ ಟಿ.ವಿ.ಯಂಥ ದೊಡ್ಡ ಪರದೆ. ಬಲಕ್ಕೆ ಇಂಡಿಕೇಟರ್ ಹಾಕಿದರೆ ಸಾಕು, ಬಲಗನ್ನಡಿಯ ಕೆಳಗಿರುವ ಪುಟ್ಟ ಕ್ಯಾಮೆರಾ ಕಂಡದ್ದೆಲ್ಲ ಆ ಪರದೆಯ ಮೇಲೆ ಬರುತ್ತಿತ್ತು. ಕಾರಿನ ಕನ್ನಡಿಯಲ್ಲಿ ಕಾಣದ ಒಂದು ಮೂಲೆ ಇರುತ್ತದೆ; ಬೈಕಿನವರು ಬಂದು ಸೇರಿಕೊಳ್ಳುವುದು ಸರಿಯಾಗಿ ಅಲ್ಲಿಗೇ. ಬೇರೆಯವರು ಆ ಮೂಲೆಯನ್ನು ಕತ್ತು ಹೊರಳಿಸಿ ನೋಡುತ್ತಾರೆ. ನಾನು ಚಿತ್ರದಲ್ಲಿ ನೋಡುತ್ತಿದ್ದೆ. ಮೊದಲ ಸಲ ಆ ಚಿತ್ರ ನೋಡಿದಾಗ ಬ್ಯಾರನ್ನಿನಲ್ಲಿ ಕಳೆದುಕೊಂಡದ್ದು ಯಾರೋ ತಂದುಕೊಟ್ಟರು ಅನ್ನಿಸಿ ಕಣ್ಣು ತುಂಬಿ ಬಂದಿತ್ತು.

ಕಾರು ಓಡಿಸುವುದು ನನಗೆ ಶೋಕಿಯಲ್ಲ. ನಾನೂ ನಮ್ಮತ್ತೆಯೂ ಸೇರಿ ನಿಪ್ಪಟ್ಟು, ಚಕ್ಕುಲಿ, ಕೋಡುಬಳೆ ಮಾಡಿ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಊರಿನ ಅಂಗಡಿಗಳಿಗೆ ಹಾಕುತ್ತೇವೆ. ಸಂತೆಯ ದಿನ ಅಂತರಸಂತೆಗೂ ಹೋಗುತ್ತೇವೆ. ಮೊದಲು ಬಸ್ಸಿನಲ್ಲಿ ಒಯ್ಯುತ್ತಿದ್ದಾಗ ಅರ್ಧ ಮಾಲು ಹುಡಿಯಾಗಿ ಇಳಿಯುತ್ತಿತ್ತು. ಕಂಡಕ್ಟರ್ ಡಬ್ಬದ ಮೇಲೇ ಜನ ಹತ್ತಿಸುತ್ತಿದ್ದ. ನಮ್ಮನೆಯವರನ್ನು ಬಿಟ್ಟುಬನ್ನಿ ಎಂದರೆ ಅವರಿಗೆ ಯಾವಾಗಲೂ ಹೊಲದಲ್ಲಿ ಕೆಲಸ. ಕಾರು ಬಂದ ಮೇಲೆ ಯಾರನ್ನೂ ಕೇಳುವುದು ಬೇಕಿರಲಿಲ್ಲ. ಅತ್ತೆ ಮುಂದಿನ ಸೀಟಿನಲ್ಲಿ, ಡಬ್ಬಗಳು ಹಿಂದಿನ ಸೀಟಿನಲ್ಲಿ, ನಾನು ಸ್ಟೇರಿಂಗ್ ಹಿಡಿದು. ಹೊರಟೆವೆಂದರೆ ನನ್ನಷ್ಟು ದೊಡ್ಡ ಮನುಷ್ಯರು ತಾಲ್ಲೂಕಿನಲ್ಲೇ ಇಲ್ಲ ಎಂಬಂತೆ ಇರುತ್ತಿತ್ತು ನನ್ನ ಗತ್ತು.

ಆಯುಧಪೂಜೆ ಮುಗಿದು ಮೊದಲ ಸಲ ಹೊರಟ ದಿನ ಅದು. ಹ್ಯಾಂಡ್‌ಪೋಸ್ಟಿನಲ್ಲಿ ಬಲಕ್ಕೆ ಹೊರಳಬೇಕು. ಇಂಡಿಕೇಟರ್ ಹಾಕಿದೆ, ಅಭ್ಯಾಸದಂತೆ ಪರದೆ ನೋಡಿದೆ. ಚಿತ್ರ ಬರಲಿಲ್ಲ. ಹಾಡಿನ ಹೆಸರು ಇದ್ದಲ್ಲೇ ಇತ್ತು. ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿತ್ತು. ಈಗ ಬರುತ್ತದೆ ಎಂದು ಕಾಯುತ್ತಲೇ ಕೈ ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿಬಿಟ್ಟಿತ್ತು.

"ಅಯ್ಯೋ, ಬೈಕು ಕಣವ್ವಾ!" ಎಂದು ಅತ್ತೆ ಕಿರುಚಿದರು.

ಬಲಗನ್ನಡಿ ಪಟಾರನೆ ಮಡಚಿಕೊಂಡಿತು. ಬೈಕು ತೂರಾಡಿಕೊಂಡು ಮುಂದೆ ಹೋಗಿ, ಬೀಳದೆ, ಟೀ ಅಂಗಡಿಯ ಮುಂದೆ ನಿಂತಿತು. ಓಡಿಸುತ್ತಿದ್ದವನು ಇಳಿದು ಬಂದು ಕಿಟಕಿಗೆ ಗುದ್ದಿದ. "ಇಂಡಿಕೇಟ್ರು ಹಾಕ್ಬುಟ್ರೆ ಆಯ್ತಾ? ತಿರುಗಿ ನೋಡಕ್ಕೇನು ರೋಗ ನಿಮ್ಗೆ?" ಎಂದ. ಬೈಕಿನ ಹಿಂದೆ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ಒಂದು ಕೂಸಿತ್ತು. ಟೋಪಿ ಹಾಕಿಕೊಂಡ ಆ ಕೂಸು ನನ್ನನ್ನೇ ನೋಡುತ್ತಿತ್ತು. ಕಾರನ್ನು ಪಕ್ಕಕ್ಕೆ ಹಾಕಲೂ ಆಗದೆ ನಮ್ಮನೆಯವರಿಗೆ ಫೋನ್ ಮಾಡಿದೆ. ಅವರು ಬಂದು ಕಾರು ಮನೆಗೆ ತಂದರು. ಬಂದವರೇ ಬೀಗದ ಕೈ ಜೇಬಿಗೆ ಹಾಕಿಕೊಂಡರು.

ಮನೆಯಲ್ಲಿ ವಿಚಾರಣೆ ಶುರುವಾಯಿತು. ನಮ್ಮನೆಯವರು ಆರೋಪಿಯನ್ನು ಹುಡುಕಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಇನ್ನೇನಾಗಿರ್ತದೆ? ನಮ್ಮವ್ವ ಕುಂಕುಮ ಬಳ್ದು ಬಳ್ದು ಕಾರಿನ ಕಣ್ಣೇ ಮುಚ್ಚಾಕವ್ಳೆ" ಎಂದರು.

ಅದು ಒಂದು ರೀತಿಯಲ್ಲಿ ನಂಬಬಹುದಾದ ಮಾತೇ. ನಮ್ಮತ್ತೆಯ ಆಯುಧಪೂಜೆ ಎಲ್ಲರ ಮನೆಯ ಆಯುಧಪೂಜೆಯಂತಲ್ಲ. ನಿಂತಿರುವ ಯಂತ್ರಕ್ಕೆ ಅವರು ಕುಂಕುಮ ಇಡುವುದಿಲ್ಲ. ಯಂತ್ರಕ್ಕೆ ಓಡುವಾಗ ಮಾತ್ರ ಜೀವ ಇರುತ್ತದೆ, ಜೀವ ಇಲ್ಲದ್ದಕ್ಕೆ ಪೂಜೆ ಮಾಡಬಾರದು ಎನ್ನುವುದು ಅವರ ವಾದ. ಪಂಪ್‌ಸೆಟ್ಟನ್ನು ಚಾಲೂ ಮಾಡಿಸಿ, ಟಿಲ್ಲರನ್ನು ದಡದಡ ಅನ್ನಿಸಿ, ಮಿಕ್ಸಿಯನ್ನು ಖಾಲಿ ತಿರುಗಿಸಿ, ಆಮೇಲೆ ಅವುಗಳ ಮೈಗೆ ವಿಭೂತಿ ಎಳೆದು ಬೊಟ್ಟಿಡುತ್ತಾರೆ. ಹಬ್ಬದ ದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಯಾರು ಏನು ಹೇಳಿದರೂ ಯಾರಿಗೂ ಕೇಳುವುದಿಲ್ಲ. ಕಾರಿಗೂ ಹಾಗೆಯೇ. ಬಾನೆಟ್ಟು, ಬಾಗಿಲು, ಚಕ್ರ, ಕನ್ನಡಿ, ಕನ್ನಡಿಯ ಕೆಳಗಿನ ಕ್ಯಾಮೆರಾ, ಯಾವುದನ್ನೂ ಅವರು ಬಿಟ್ಟಿರಲಿಲ್ಲ.

ಅತ್ತೆ ಬಿಸಿನೀರಲ್ಲಿ ಹತ್ತಿ ಅದ್ದಿ, ಕೂಸಿನ ಕಣ್ಣಿನ ಪಿಸುರು ಒರೆಸುವ ಹಾಗೆ ಮೆಲ್ಲಗೆ ಆ ಕ್ಯಾಮೆರಾ ಒರೆಸಿದರು. ಒಂದಲ್ಲ, ಮೂರು ಸಲ ಒರೆಸಿದರು. ಚಿತ್ರ ಬರಲಿಲ್ಲ. ಆವತ್ತಿನಿಂದ ಅವರು ಕಾರಿನ ಹತ್ತಿರ ಸುಳಿಯುವುದನ್ನೇ ಬಿಟ್ಟರು. ಅಂಗಳ ಗುಡಿಸುವಾಗಲೂ ಅದರ ಸುತ್ತ ಒಂದು ಮಾರು ಜಾಗ ಬಿಟ್ಟು ಗುಡಿಸುತ್ತಿದ್ದರು.

ನಾನು ಸುಮ್ಮನಿರುವವಳಲ್ಲ. ಬೀಗದ ಕೈ ಇಸಿದುಕೊಂಡು ಅಂಗಳದಲ್ಲೇ ಕಾರು ಚಾಲೂ ಮಾಡಿ ಕೂತೆ. ಪಾರ್ಕಿಂಗ್ ಬಟನ್ ಒತ್ತಿದರೆ ನಾಲ್ಕೂ ದಿಕ್ಕು ಪರದೆಯ ಮೇಲೆ ಬರುತ್ತದೆ. ಒತ್ತಿದೆ. ಬಲಗಡೆಯಲ್ಲಿ ನಮ್ಮ ತೆಂಗಿನ ಮರ, ಹಗ್ಗದ ಮೇಲಿನ ಬಟ್ಟೆ, ದೂರದಲ್ಲಿ ನಿಂತು ಕಾರನ್ನೇ ನೋಡುತ್ತಿದ್ದ ಅತ್ತೆ, ಎಲ್ಲ ನಿಚ್ಚಳವಾಗಿ ಕಂಡವು. ಅದೇ ಕ್ಯಾಮೆರಾ. ಪಾರ್ಕ್ ಮಾಡುವಾಗ ಕಾಣುವ ಕಣ್ಣು ಬಲಕ್ಕೆ ತಿರುಗುವಾಗ ಯಾಕೆ ಕಾಣುವುದಿಲ್ಲ? ಇಂಡಿಕೇಟರ್ ಹಾಕಿ ನೋಡಿದೆ, ತೆಗೆದು ನೋಡಿದೆ. ಇಲ್ಲ. ಇದರ ಕಣ್ಣು ಕೆಟ್ಟಿಲ್ಲ, ಯಾರೋ ಬಾಯಿ ಕಟ್ಟಿದ್ದಾರೆ ಅನ್ನಿಸಿತು. ನಮ್ಮನೆಯವರಿಗೆ ಹೇಳಿದರೆ, "ನಿಂಗೆ ಎಲ್ಲುದ್ರಲ್ಲೂ ಅನುಮಾನ ಕಣೆ" ಎಂದರು. ಕೊನೆಗೆ ಹುಣಸೂರಿನ ಗ್ಯಾರೇಜಿಗೆ ಒಯ್ದರೆ ಅಲ್ಲಿಯವರು ಒಂದೆರಡು ವಯರು ಮುಟ್ಟಿ ನೋಡಿ, ಇದು ನಮ್ಮ ಕೈಯಲ್ಲಿಲ್ಲ, ಮೈಸೂರಿನ ಶೋರೂಮಿಗೆ ಹೋಗಿ ಅಂದರು.

ಮೈಸೂರಿಗೆ ಮೂವರೂ ಹೋದೆವು. ಅತ್ತೆಯನ್ನು ಯಾರೂ ಕರೆದಿರಲಿಲ್ಲ. ತನ್ನ ಮೇಲೆ ಬಂದ ಅಪವಾದ ಏನಾಗುತ್ತದೋ ತಾನೇ ಕಿವಿಯಾರೆ ಕೇಳಬೇಕು ಎಂದು ರೇಷ್ಮೆ ಸೀರೆ ಉಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದರು.

ಶೋರೂಮಿನಲ್ಲಿ ಟೈ ಕಟ್ಟಿಕೊಂಡ ಒಬ್ಬರು ನಮ್ಮನ್ನು ಕೂರಿಸಿ ನೀರು ಕೊಟ್ಟು, ಕಂಪ್ಯೂಟರಿನಲ್ಲಿ ಕಾರಿನ ನಂಬರ್ ಹಾಕಿ ನೋಡಿದರು.

"ಆ ಫೀಚರ್ ನಿಮ್ಮ ಮಾಡೆಲ್‌ನಲ್ಲಿ ಇಲ್ಲ ಮೇಡಂ" ಎಂದರು.

"ಈಗ ಇಲ್ಲ. ಅದಕ್ಕೇ ಬಂದಿರೋದು" ಎಂದೆ.

"ಈಗ ಅಂತಲ್ಲ. ನಿಮ್ಮ ಮಾಡೆಲ್‌ಗೆ ಅದು ಕೊಟ್ಟೇ ಇಲ್ಲ. ಇದಕ್ಕಿಂತ ಮೇಲಿನದರಲ್ಲಿ ಮಾತ್ರ ಬರುತ್ತೆ."

"ನಾನು ದಿನಾ ನೋಡ್ತಿದ್ದೆ ಕಣ್ರೀ."

"ಬೇರೆ ಕಾರಲ್ಲಿ ನೋಡಿರಬಹುದು. ಫೋಟೋ ಏನಾದ್ರೂ ಇದೆಯಾ?"

ಇರುವುದಕ್ಕೆ ಯಾರು ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ? ಮನೆಗೆ ಬಾಗಿಲು ಇತ್ತು ಎಂದು ಮುಂದೊಂದು ದಿನ ಸಾಬೀತು ಮಾಡಬೇಕಾದೀತು ಎಂದು ಬಾಗಿಲಿನ ಫೋಟೋ ತೆಗೆಯುತ್ತೇವೆಯೇ? ನಾನು ನಮ್ಮನೆಯವರ ಮುಖ ನೋಡಿದೆ. ಅವರು ಆ ಕಾರು ಓಡಿಸಿದ್ದೇ ಕಮ್ಮಿ. ಓಡಿಸಿದಾಗಲೂ ಅವರ ಕತ್ತು ಚೆನ್ನಾಗಿ ತಿರುಗುತ್ತದೆ, ಪರದೆ ನೋಡಬೇಕಾದ ದರ್ದು ಅವರಿಗಿಲ್ಲ.

"ಲೇ, ನಿಜವಾಗ್ಲೂ ಬತ್ತಿತ್ತಾ ಅದು?" ಎಂದು ಅವರು ಮೆಲ್ಲಗೆ ಕೇಳಿದರು.

ಆ ಮಾತಿಗೆ ಬಂದಷ್ಟು ಸಿಟ್ಟು ನನಗೆ ಆ ಟೈ ಕಟ್ಟಿದವರ ಮೇಲೂ ಬಂದಿರಲಿಲ್ಲ. ಸಿಟ್ಟಿನ ಅಡಿಯಲ್ಲಿ ಇನ್ನೊಂದು ಇತ್ತು, ಅದು ಭಯ. ಅದು ಇರಲಿಲ್ಲ ಇರಲಿಲ್ಲ ಎಂದು ಇಬ್ಬರು ಗಂಡಸರು ಅನ್ನುತ್ತಿದ್ದರೆ ನನಗೇ ಒಂದು ಗಳಿಗೆ, ಇತ್ತಾ ಎಂದು ಅನುಮಾನವಾಗಿಬಿಟ್ಟಿತು.

"ಇತ್ತು. ನಾ ನೋಡಿವ್ನಿ. ಪಕ್ಕದಲ್ಲೇ ಕುಂತು ನೋಡಿವ್ನಿ" ಎಂದು ಅತ್ತೆ ಹಿಂದಿನಿಂದ ಗಟ್ಟಿಯಾಗಿ ಹೇಳಿದರು.

ಅವರ ಮಾತು ಕೇಳಿ ನನಗೆ ಜೀವ ಬಂತು. ಅಲ್ಲೇ ಕೂತು ಪಿರಿಯಾಪಟ್ಟಣದ ಶುಂಠಿ ವ್ಯಾಪಾರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. "ಇತ್ತಲ್ಲಮ್ಮ, ಯಾಕೆ?" ಎಂದರು ಅವರು. "ಆ ಕಾರು ಹೊಸದಾಗಿ ತಗೊಳ್ಳುವಾಗ ಅದನ್ನೇ ಹತ್ತು ಸಲ ಹಾಕಿ ತೋರ್ಸಿ ಮಾರಿದ್ರು ನಂಗೆ."

ಟೈ ಕಟ್ಟಿದವರ ಮುಖ ಬದಲಾಯಿತು. ಒಂದು ನಿಮಿಷ ಎಂದು ಒಳಗೆ ಹೋದರು. ಬರುವಾಗ ಬೇರೆ ಮಾತು ತಂದಿದ್ದರು. ಅದು ಕಂಪನಿಯವರ ಕೈತಪ್ಪಿನಿಂದ ನಮ್ಮ ಕಾರಿನೊಳಗೆ ಸೇರಿಕೊಂಡಿತ್ತಂತೆ. ಈಗ ತೆಗೆದು ಸರಿ ಮಾಡಿದ್ದಾರಂತೆ.

"ಯಾರು ಸರಿ ಮಾಡಿದ್ದು? ನಮ್ಮನೆಗೆ ಯಾವ ಕಂಪನಿಯವರೂ ಬಂದಿಲ್ಲ" ಎಂದೆ.

"ಬರಬೇಕಾಗಿಲ್ಲ ಮೇಡಂ. ಇಂಟರ್‌ನೆಟ್‌ನಲ್ಲಿ ಅಲ್ಲಿಂದಲೇ ಆಗುತ್ತೆ."

"ನಮ್ಮ ಅಂಗಳದಲ್ಲಿ ನಿಂತಿರೋ ಕಾರಿಗೆ, ನಾವು ದುಡ್ಡು ಕೊಟ್ಟು ತಂದ ಮೇಲೆ, ನಮ್ಮನ್ನ ಕೇಳ್ದೆ?"

"ಕೇಳಿದ್ದಾರೆ. ನೀವೇ ಒಪ್ಪಿದ್ದೀರಿ" ಎಂದು ಅವರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಆಯುಧಪೂಜೆಯ ದಿನ ಬೆಳಿಗ್ಗೆ ಕಾರಿನ ಪರದೆಯ ಮೇಲೆ ಅಪ್‌ಡೇಟ್ ಮಾಡಲೇ ಎಂದು ಕೇಳಿದ್ದರಂತೆ. ಯಾರೋ ಬಟನ್ ಒತ್ತಿದ್ದಾರೆ. ಏನನ್ನು ತೆಗೆಯುತ್ತೇವೆ ಎನ್ನುವುದನ್ನೂ ಬರೆದಿದ್ದರಂತೆ, ಉದ್ದಕ್ಕೆ, ಇಂಗ್ಲಿಷಿನಲ್ಲಿ, ಎಲ್ಲೋ ಕೆಳಗೆ.

ನಾನು ಇಡೀ ಮೈ ತಿರುಗಿಸಿ ನಮ್ಮನೆಯವರನ್ನು ನೋಡಿದೆ. ಆವತ್ತು ಬೆಳಿಗ್ಗೆ ನಾನು ಒಲೆಯ ಮುಂದೆ ಒಬ್ಬಟ್ಟು ತಟ್ಟುತ್ತಿದ್ದೆ. ಕಾರು ಚಾಲೂ ಮಾಡಿ ಅಂಗಳಕ್ಕೆ ತಂದವರು ಅವರು.

"ನನ್ಯಾಕೆ ಅಂಗೆ ನೋಡ್ತೀಯ? ನಾನು ಚಾಲೂ ಮಾಡಿ ಇಳ್ದು ನಿಂಬೆಹಣ್ಣು ತರಕ್ಕೋದೆ. ದೇವ್ರಾಣೆ ಏನೂ ಮುಟ್ಟಿಲ್ಲ" ಎಂದರು. ನಾನು ನಂಬಲಿಲ್ಲ. ಅವರು ನನ್ನನ್ನೇ ತಿರುಗಿ ಕೇಳಿದರು, ಹಾಡು ಹಾಕಲು ನೀನೇ ಬಂದು ಒತ್ತಿರಬಹುದಲ್ಲ ಎಂದು. ಶೋರೂಮಿನ ಆ ತಣ್ಣನೆ ಗಾಜಿನ ಮನೆಯಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಕಳ್ಳರಂತೆ ನೋಡುತ್ತಾ ಕೂತೆವು. ಟೈ ಕಟ್ಟಿದವರು ಇನ್ನೊಮ್ಮೆ ನೀರು ತರಿಸಿದರು.

ಅತ್ತೆ ತಮ್ಮ ಬಲಗೈಯ ಉಂಗುರದ ಬೆರಳನ್ನು ನೋಡಿಕೊಳ್ಳುತ್ತಿದ್ದರು.

"ಅವ್ನೂ ಅಲ್ಲ, ನೀನೂ ಅಲ್ಲ ಕಣವ್ವ" ಎಂದರು. "ನಾನೇ ಇರ್ಬೇಕು. ಒಳಗಡೆ ಆ ಟಿ.ವಿ. ಅದೆಯಲ್ಲ, ಅದುಕ್ಕೂ ಬೊಟ್ಟು ಇಟ್ಟೆ. ಅದ್ರ ಮೇಲೆ ಏನೋ ಬರ್ದಿತ್ತು, ಹಬ್ಬಕ್ಕೆ ಏನೋ ಬರ್ಕಂಡದೆ ಅಂದ್ಕಂಡೆ. ನಡುವ್ಕೇ ಇಟ್ಟೆ. ಇಡ್ತಿದ್ದಂಗೆ ಕತ್ಲಾಗಿ ತಿರ್ಗ ಬೆಳ್ಕಾಯ್ತು. ಪೂಜೆ ಒಪ್ಪುಸ್ಕತು ಅಂತ ಕೈ ಮುಗ್ದೆ."

ನಮ್ಮನೆಯವರು ತಲೆ ತಗ್ಗಿಸಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಮ್ಮತ್ತೆ ಎಂಥ ಹೆಂಗಸು ಎನ್ನುವುದು ನನಗೆ ಗೊತ್ತು. ಮಾವ ತೀರಿಕೊಂಡ ವರ್ಷ ನೆಂಟರೊಬ್ಬರು ಪಿಂಚಣಿಗೆ ಎಂದು ಹೇಳಿ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಳೆದಂಡೆಯ ಒಂದು ತುಂಡು ಭೂಮಿ ಹೊಡೆದಿದ್ದರು. ಆಮೇಲೆ ಅತ್ತೆ ಹಟ ಹಿಡಿದು ತಮ್ಮ ಹೆಸರು ಬರೆಯುವುದು ಕಲಿತರು. ರೇಷನ್ ಅಂಗಡಿಯ ಯಂತ್ರಕ್ಕೆ ಕೂಡ, ಇದು ಯಾವುದಕ್ಕೆ, ಎಷ್ಟು ಅಕ್ಕಿಗೆ ಎಂದು ಕೇಳದೆ ಹೆಬ್ಬೆರಳು ಕೊಡುವವರಲ್ಲ. ಅಷ್ಟು ವರ್ಷ ಹೆಬ್ಬೆರಳನ್ನು ಹಾಗೆ ಕಾದುಕೊಂಡಿದ್ದರು. ಈ ಕಂಪನಿಯವರು ದೇವರಿಗೆ ಕುಂಕುಮ ಇಡುವ ಬೆರಳಿನಿಂದ ಒಪ್ಪಿಗೆ ತೆಗೆದುಕೊಂಡು ಹೋಗಿದ್ದರು.

ಅತ್ತೆ ಎದ್ದು ಟೈ ಕಟ್ಟಿದವರ ಮೇಜಿನ ಹತ್ತಿರ ಹೋದರು.

"ನೋಡಪ್ಪ, ನಾ ಓದಿಲ್ಲ. ಅದುನ್ನ ಒತ್ತಿದ್ದಲ್ಲ, ಬೊಟ್ಟು ಇಟ್ಟಿದ್ದು. ನಾ ಒಪ್ಪಿಲ್ಲ ಅಂತ ಬರ್ಕೊಂಡು ಅದುನ್ನ ವಾಪಸ್ ಹಾಕ್ಬುಡು" ಎಂದರು.

ಅವರು ನಗಲಿಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. "ನಮ್ಮ ಕೈಯಲ್ಲಿ ಏನೂ ಇಲ್ಲಮ್ಮ. ಕಂಪ್ಲೇಂಟ್ ಕಳಿಸ್ತೀನಿ" ಎಂದರು. ಹೊರಗೆ ಬರುವಾಗ, ಆ ಚಿತ್ರ ಬರುವ ಹೊಸ ಕಾರನ್ನು ಒಮ್ಮೆ ಓಡಿಸಿ ನೋಡುತ್ತೀರಾ ಎಂದೂ ಕೇಳಿದರು. ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ.

ಮನೆಗೆ ಬಂದ ಮೇಲೆ ನಮ್ಮನೆಯವರು ಅತ್ತೆಯನ್ನು ಬೈಯುವುದನ್ನು ನಿಲ್ಲಿಸಿದರು, ಆದರೆ ಬೀಗದ ಕೈ ಕೊಡಲಿಲ್ಲ. ಆ ಕೂಸಿಗೇನಾದರೂ ಆಗಿದ್ದರೆ ಎಂದರು. ಟೋಪಿ ಹಾಕಿಕೊಂಡ ಆ ಮುಖ ನನಗೂ ಮರೆತಿರಲಿಲ್ಲ. ಮತ್ತೆ ಡಬ್ಬ ಹೊತ್ತು ಬಸ್ಸಿಗೆ ಹೋದೆವು. ಹ್ಯಾಂಡ್‌ಪೋಸ್ಟಿನ ಅಂಗಡಿಯವರು ಮುರಿದ ಚಕ್ಕುಲಿಯನ್ನು ವಾಪಸ್ ಕಳಿಸಲು ಶುರು ಮಾಡಿದರು. ಒಂದು ಅಂಗಡಿಯಲ್ಲಿ ನಮ್ಮ ಜಾಗದಲ್ಲಿ ಆಗಲೇ ಬೇರೆ ಯಾರದೋ ಪ್ಯಾಕೆಟ್ಟುಗಳು ನೇತಾಡುತ್ತಿದ್ದವು. ನನಗೆ ಅಲ್ಲೇ ರಸ್ತೆಯಲ್ಲಿ ಕೂತು ಅಳಬೇಕು ಅನ್ನಿಸಿತು.

ಆ ದಿನ ಸಂಜೆ ಅತ್ತೆ ಮಗನ ಮುಂದೆ ಕೈ ಚಾಚಿದರು. "ಬೀಗದ ಕೈ ಕೊಡ್ಲಾ. ಅವ್ಳಿಗೆ ಬಲಗಡೆ ನಾ ನೋಡ್ತೀನಿ. ಆಪ್ರೇಸನ್ ಆಗಿರೋ ಕಣ್ಣು, ನಿನ್ಗಿಂತ ಚೆಂದಾಗಿ ಕಾಣ್ತದೆ" ಎಂದರು.

ಅವರು ಬೇಡ ಅಂದರು, ಅತ್ತೆ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ನಮ್ಮನೆಯವರೇ ನಮ್ಮೂರ ರಸ್ತೆಯಲ್ಲಿ ಬೈಕಿನಲ್ಲಿ ಹಿಂದಿನಿಂದ ಬರುತ್ತಾ, ಬಲಗಡೆ ನುಗ್ಗುತ್ತಾ ಪರೀಕ್ಷೆ ಮಾಡಿದರು. ಹಿಂದಿನ ಸೀಟಿನ ಬಲತುದಿಯಲ್ಲಿ ಕೂತ ಅತ್ತೆ ಒಂದು ಸಲವೂ ತಪ್ಪಲಿಲ್ಲ. ಈಗ ಅದೇ ಅವರ ಜಾಗ. ನಾನು ಇಂಡಿಕೇಟರ್ ಹಾಕುತ್ತಿದ್ದಂತೆ ಅವರು ಕಿಟಕಿಯಿಂದ ಹೊರಗೆ ಹಿಂದಕ್ಕೆ ನೋಡುತ್ತಾ ಶುರು ಮಾಡುತ್ತಾರೆ. "ತಡಿ, ಬಸ್ಸು ಬತ್ತದೆ. ತಡಿ ತಡಿ, ಬೈಕು. ಹೆಲ್ಮೆಟ್ಟೂ ಹಾಕಿಲ್ಲ ಮುಂಡೇದು. ಈಗ ಹೋಗು." ಹಿಂದಿನವರು ಹಾರನ್ ಬಾರಿಸುತ್ತಾರೆ, ಅತ್ತೆ ಅವರಿಗೂ ನಾಲ್ಕು ಬೈಯುತ್ತಾರೆ. ಮೊದಮೊದಲು ಅವರು ಹೋಗು ಅಂದರೂ ನನ್ನ ಕಾಲು ಬ್ರೇಕಿನ ಮೇಲೇ ಇರುತ್ತಿತ್ತು. ಅಪ್ಪನ ಮಗಳಾದ ನಾನು, ನೋಡದೆ, ಇನ್ನೊಬ್ಬರ ಮಾತಿನ ಮೇಲೆ ರಸ್ತೆ ದಾಟಬೇಕಿತ್ತು. ಹ್ಯಾಂಡ್‌ಪೋಸ್ಟಿನಲ್ಲಿ ಮೊದಲ ಸಲ ಹಾಗೆ ದಾಟಿದಾಗ ಹಿಂದಿನ ಸೀಟಿನಿಂದ ಒಂದು ಕೈ ಬಂದು ನನ್ನ ಭುಜ ತಟ್ಟಿತು. ಅಂಗಡಿಯವರು ನಮ್ಮ ಡಬ್ಬ ಇಳಿಸಿಕೊಂಡರು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಡಬ್ಬಗಳನ್ನಿಟ್ಟು ಕಾರು ಚಾಲೂ ಮಾಡಿದರೆ ಪರದೆಯ ನಡುವೆ ಮತ್ತೆ ಏನೋ ಬರೆದಿತ್ತು. ನಾನು ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಅತ್ತೆಯನ್ನು ಕರೆದೆ. ಅವರು ಬಂದು ಪಕ್ಕದಲ್ಲಿ ಕೂತರು, ಬೆರಳುಗಳನ್ನು ಸೆರಗಿನೊಳಗೆ ಸುತ್ತಿಕೊಂಡು. ನಾನು ಬರೆದಿದ್ದನ್ನೆಲ್ಲ ಒಂದೊಂದೇ ಕನ್ನಡದಲ್ಲಿ ಓದಿ ಹೇಳಿದೆ. ನಮಗೆ ಇನ್ನೂ ಅನುಕೂಲ ಆಗಲಿ ಎಂದು ಕೆಲವು ಬದಲಾವಣೆ ಮಾಡುತ್ತಾರಂತೆ.

"ಈ ಸಲ ಏನು ಕಿತ್ಕತಾರಂತೆ?" ಎಂದು ಅತ್ತೆ ಕೇಳಿದರು.

"ಅದನ್ನ ಬರ್ದಿಲ್ಲ ಅತ್ತೆ."

"ಬ್ಯಾಡ ಅನ್ನು."

ನಾನು ಹುಡುಕಿದೆ. ಮೇಲೆ ಕೆಳಗೆ ಎಲ್ಲ ಹುಡುಕಿದೆ. "ಬೇಡ ಅನ್ನೋದು ಇದರಲ್ಲಿ ಇಲ್ಲ ಅತ್ತೆ. ಈಗ ಅಂತ ಒಂದಿದೆ, ಆಮೇಲೆ ಅಂತ ಒಂದಿದೆ. ಅಷ್ಟೇ ಇರೋದು."

ಅತ್ತೆ, 'ಆಮೇಲೆ' ಅನ್ನುವುದು ಯಾವುದು ಎಂದು ಎರಡು ಸಲ ಕೇಳಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅದನ್ನು ಒತ್ತಿದರು. ಬರಹ ಹೋಯಿತು. ಮಾರನೆ ಬೆಳಿಗ್ಗೆ ಮತ್ತೆ ಬಂದಿತ್ತು. ಅಲ್ಲಿಂದ ಇಲ್ಲಿಯವರೆಗೆ ದಿನಾ ಬೆಳಿಗ್ಗೆ ಅದು ಕೇಳುತ್ತದೆ. ದಿನಾ ಬೆಳಿಗ್ಗೆ ಅತ್ತೆ ಮುಂದೆ ಬಂದು 'ಆಮೇಲೆ' ಎಂದು ಒತ್ತಿ, ಹಿಂದೆ ಹೋಗಿ ಬಲತುದಿಯಲ್ಲಿ ಕೂರುತ್ತಾರೆ. ಈ ದರಿದ್ರದ್ದು ಕೇಳುವುದನ್ನು ಯಾವಾಗ ನಿಲ್ಲಿಸುತ್ತದೋ ಎಂದು ನಾನು ಮೊನ್ನೆ ಗೊಣಗಿದೆ.

"ಕೇಳ್ಲಿ ಬುಡು" ಎಂದರು ಅತ್ತೆ. "ಕೇಳೋದ್ನ ನಿಲ್ಸಿದ್ ದಿನ ನಂಗೆ ಯೋಳು. ಅವತ್ತಿಂದ ಇದುನ್ನ ಹತ್ತೋದು ಬ್ಯಾಡ."